ಕೊಡದೆ ಇಟ್ಟುಕೊಂಡ ಧಾಟಿ

ಆಗ ನಮ್ಮ ಕಡೆ ಹೊಸ ಕೀರ್ತನೆ ಪುಸ್ತಕದಲ್ಲಿ ಬರುತ್ತಿರಲಿಲ್ಲ, ನಡೆದುಕೊಂಡು ಬರುತ್ತಿತ್ತು. ಇಂಡಿಯಲ್ಲಿ ಒಬ್ಬ ದರ್ಜಿ ಇದ್ದರು, ಹೊಲಿಯುತ್ತ ಕೂತಲ್ಲೇ ಯೇಸುಸ್ವಾಮಿಯ ಮೇಲೆ ಹಾಡು ಕಟ್ಟುತ್ತಿದ್ದರು. ಮುದ್ದೇಬಿಹಾಳದ ಕಡೆ ಕಣ್ಣು ಕಾಣದ ಒಬ್ಬ ಅಜ್ಜ, ಬಸವನ ಬಾಗೇವಾಡಿಯಲ್ಲಿ ಒಬ್ಬ ಸಾಲಿ ಮಾಸ್ತರು. ಇವರಲ್ಲಿ ಯಾರಾದರೂ ಒಂದು ಹಾಡು ಕಟ್ಟಿದರೆ ಅದು ಸಂತೆಗೆ ಹೋದವರ ಬಾಯಲ್ಲಿ, ಮದುವೆಗೆ ಹೋದವರ ಬಾಯಲ್ಲಿ, ಕೆಂಪು ಬಸ್ಸಿನಲ್ಲಿ ಪಕ್ಕ ಕೂತವರ ಬಾಯಲ್ಲಿ ನಮ್ಮೂರು ಮುಟ್ಟುತ್ತಿತ್ತು. ಮುಟ್ಟುವಷ್ಟರಲ್ಲಿ ಒಂದೆರಡು ಮಾತು ಬದಲಾಗಿರುತ್ತಿದ್ದವು. ಕಟ್ಟಿದವರ ಹೆಸರು ದಾರಿಯಲ್ಲೇ ಎಲ್ಲೋ ಬಿದ್ದುಹೋಗಿರುತ್ತಿತ್ತು. ಅದನ್ನು ಯಾರೂ ಕೇಳುತ್ತಲೂ ಇರಲಿಲ್ಲ. ಕೇಳುತ್ತಿದ್ದದ್ದು ಇಷ್ಟೇ: “ಧಾಟಿ ಯಾವುದ್ರಿ?” ಹಾಡು ಬರೆದುಕೊಳ್ಳುವವರು ವಹಿಯ ಹಾಳೆಯ ನೆತ್ತಿಯ ಮೇಲೆ ಮೊದಲು ಅದನ್ನೇ ಬರೆಯುತ್ತಿದ್ದರು. ಧಾಟಿ: ಬೀಸುವ ಪದ. ಧಾಟಿ: ತೊಟ್ಟಿಲ ಪದ. ಧಾಟಿ: ರಾಶಿ ಮಾಡುವಾಗಿನ ಪದ. ಮಾತುಗಳು ಆಮೇಲೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಂಥ ವಹಿ ಇನ್ನೂ ಇರಬಹುದು.

ನನ್ನ ಅಪ್ಪನೂ ಹಾಗೆ ಹಾಡು ಕಟ್ಟುವವರಲ್ಲಿ ಒಬ್ಬ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷಗಳವು. ಸಿಂದಗಿಯಿಂದ ಎಂಟು ಮೈಲಿ ದೂರದ ಹಳ್ಳಿಯಲ್ಲಿ ಅಪ್ಪ ಉಪದೇಶಿಯಾಗಿದ್ದ. ಉಪದೇಶಿ ಎಂದರೆ ಪಾದ್ರಿಯಲ್ಲ. ಪಾದ್ರಿ ವಾರವಾರ ಬರಲಾಗದ ಸಣ್ಣ ಊರುಗಳಲ್ಲಿ ಭಾನುವಾರದ ಪ್ರಾರ್ಥನೆ ನಡೆಸುವವನು, ಮಕ್ಕಳಿಗೆ ಅಕ್ಷರ ಹೇಳಿಕೊಡುವವನು, ಸತ್ತವರನ್ನು ಮಣ್ಣಿಗಿಡುವವನು. ನಮ್ಮೂರಲ್ಲಿ ಒಂಬತ್ತು ಮನೆ ಕ್ರೈಸ್ತರು. ಊರ ತುದಿಯಲ್ಲಿ ಕಲ್ಲಿನ ಗೋಡೆಯ, ತಗಡು ಹೊದಿಸಿದ ಒಂದು ಕೋಣೆಯೇ ನಮ್ಮ ದೇವಾಲಯ. ಒಳಗೆ ಒಂದು ಮೇಜು, ಸುತ್ತಿಟ್ಟ ಚಾಪೆಗಳು, ಒಂದು ಪೇಟಿ. ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಪೇಟಿ ಅನ್ನುತ್ತಾರೆ. ಅದರ ಒಂದು ಮನೆ ಒತ್ತಿದರೆ ಸ್ವರದ ಬದಲು ಬರೀ ಗಾಳಿ ಬರುತ್ತಿತ್ತು. ಅಪ್ಪ ಅದನ್ನು ದಾಟಿಕೊಂಡು ಬಾರಿಸುವುದನ್ನು ರೂಢಿ ಮಾಡಿಕೊಂಡಿದ್ದ.

ಅಪ್ಪ ತಬ್ಬಲಿ. ಬಿಜಾಪುರದ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವನು. ಅವನ ಹತ್ತಿರ ಮಾತುಗಳಿದ್ದವು, ಧಾಟಿಗಳು ಇರಲಿಲ್ಲ. ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ ಕಿವಿಗೆ ಬೀಳುವ ಪದಗಳು ಬೋರ್ಡಿಂಗಿನ ಹುಡುಗನ ಕಿವಿಗೆ ಬಿದ್ದಿರಲೇ ಇಲ್ಲ. ಧಾಟಿಗಳೆಲ್ಲ ಅವ್ವನವು. ಅವ್ವನ ತವರು ಇಂಡಿ ತಾಲೂಕಿನ ಹಲಸಂಗಿ ಕಡೆ. ಅಲ್ಲಿಯ ಹೆಣ್ಣುಮಕ್ಕಳು ಹಾಡದೆ ನೀರನ್ನೂ ಸೇದುವುದಿಲ್ಲ ಎಂದು ನಮ್ಮೂರವರು ಚೇಷ್ಟೆ ಮಾಡುತ್ತಿದ್ದರು.

ಅಪ್ಪ ಹೊಸ ಹಾಡು ಬರೆದಾಗ ನಸುಕಿನಲ್ಲಿ ಅವ್ವ ಬೀಸಲು ಕೂರುವ ಹೊತ್ತಿಗೆ ವಹಿ ಹಿಡಿದು ಎದುರು ಬಂದು ಕೂರುತ್ತಿದ್ದ. ಒಂದೊಂದೇ ಸಾಲು ಓದುತ್ತಿದ್ದ. ಅವ್ವ ಅದನ್ನು ಯಾವುದೋ ಧಾಟಿಗೆ ಹಚ್ಚಿ ಕಲ್ಲು ತಿರುಗಿಸುತ್ತ ಹಾಡುತ್ತಿದ್ದಳು. ಕಲ್ಲು ತಡೆಯದೆ ತಿರುಗಿದರೆ ಸಾಲು ಪಾಸು. ನಾನು ಕೌದಿಯೊಳಗಿಂದಲೇ ಕೇಳುತ್ತಿದ್ದೆ.

“‘ಕರುಣಾಸಾಗರನೆ’ ಅಂದ್ರ ಕಲ್ಲು ನಿಂದರತೈತ್ರಿ. ಬದಲ ಮಾಡ್ರಿ.”

“ಅದು ಚಲೋ ಮಾತೈತಿ. ಪುಸ್ತಕದಾಗ ಎಲ್ಲಾ ಕಡೆ ಐತಿ.”

“ಪುಸ್ತಕದಾಗ ಇದ್ರ ಇರ್ಲಿ ಬಿಡ್ರಿ. ಪುಸ್ತಕ ಜ್ವಾಳಾ ಬೀಸತೈತೇನು?”

ಅಪ್ಪ ನಗುತ್ತ ಆ ಮಾತನ್ನು ಹೊಡೆದುಹಾಕಿ ಬೇರೆ ಬರೆಯುತ್ತಿದ್ದ. ಹೀಗೆ ಕಲ್ಲು ದಾಟಿ ಬಂದ ಹಾಡುಗಳು ಜನರ ಬಾಯಲ್ಲಿ ನಿಂತವು. ಅವ್ವ ಧಾಟಿ ಆರಿಸುವುದರಲ್ಲಿ ಬಹಳ ಬಿಗಿ. ಒಮ್ಮೆ ಅಪ್ಪ ದಾರಿಯಲ್ಲಿ ಯಾರೋ ಹಾಡಿದ್ದನ್ನು ಕೇಳಿ ಬಂದು, ಇದು ಹೇಗಿದೆ ಎಂದು ಗುನುಗಿ ತೋರಿಸಿದ. ಅವ್ವ ಕಲ್ಲಿನ ಗೂಟ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಅಯ್ಯ, ಅದು ಹೋಳಿ ಹುಣ್ಣಿವಿ ಹಾಡ್ರಿ! ಗುಡಿಯಾಗ ಹಾಡಿಗೀಡೀರಿ. ಧಾಟಿಗೂ ತವರಮನಿ, ಗಂಡನಮನಿ ಇರ್ತಾವ. ಯಾರ ಮನಿದು ಅಂತ ಕೇಳದ ಕರಕೊಂಡು ಬರಬಾರದು.”

ಅವ್ವ ನನಗೆ ತೊಟ್ಟಿಲಲ್ಲಿ ಹಾಡಿದ ಜೋಗುಳ ಒಂದಿತ್ತು. ನನಗೆ ಆರು ವರ್ಷವಾದಾಗ ಅಪ್ಪ ಅದಕ್ಕೆ ಯೇಸುವಿನ ಜನನದ ಮಾತು ಹಾಕಿದ. ಎರಡು ವರ್ಷದಲ್ಲಿ ಅದು ಮುದ್ದೇಬಿಹಾಳ ಮುಟ್ಟಿತು. ಜನ ಅಪ್ಪನನ್ನು ಹೊಗಳಿದರು. ನಮ್ಮ ಪಕ್ಕದ ಮನೆಯ ಸತ್ಯವ್ವ ಆಯಿ ಅದನ್ನು ತನ್ನ ಒಡಕು ಗಂಟಲಲ್ಲಿ ದನಗಳಿಗೆ ಮೇವು ಹಾಕುತ್ತ ಹಾಡುತ್ತಿದ್ದಳು. ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಅದು ನನ್ನದಾಗಿತ್ತು. ಅದನ್ನು ಯಾರಿಗೆ ಹೇಳುವುದು?

ನನಗೆ ಹತ್ತು ತುಂಬಿದ ವರ್ಷ ಶ್ರಾವಣದಲ್ಲಿ ಅವ್ವನಿಗೆ ಜ್ವರ ಬಂತು. ನಾಲ್ಕನೆಯ ದಿನ ಸಿಂದಗಿಗೆ ಒಯ್ಯಲು ಚಕ್ಕಡಿ ಹೂಡಿದರು. ಚಕ್ಕಡಿ ಹಳ್ಳ ದಾಟುವ ಮೊದಲೇ ತಿರುಗಿ ಬಂತು. ಅಷ್ಟೇ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಆಮೇಲಿನ ದಿನಗಳ ಬಗ್ಗೆ ನೆನಪಿರುವುದು ಸದ್ದಿಲ್ಲದಿರುವುದು. ಬೀಸುವ ಕಲ್ಲಿನ ಮೇಲೆ ಅಪ್ಪ ಒಂದು ಗೋಣಿಚೀಲ ಹೊದಿಸಿದ. ಜೋಳವನ್ನು ಗಿರಣಿಗೆ ಒಯ್ದು ಬೀಸಿಸಿಕೊಂಡು ಬರುವ ಕೆಲಸ ನನ್ನದಾಯಿತು. ಗಿರಣಿಯ ಹಿಟ್ಟು ಕೈಗೆ ಬಿಸಿ ಬಿಸಿಯಾಗಿ ಸಿಗುತ್ತಿತ್ತು, ಅದರಲ್ಲಿ ಸುಟ್ಟ ವಾಸನೆ ಇರುತ್ತಿತ್ತು. ರೊಟ್ಟಿಯನ್ನು ಸತ್ಯವ್ವ ಆಯಿ ಬಡಿದುಕೊಡುತ್ತಿದ್ದಳು. ಅಪ್ಪ ವಾರದಲ್ಲಿ ಮೂರು ದಿನ ಸೈಕಲ್ ಹತ್ತಿ ಬೇರೆ ಊರುಗಳಿಗೆ ಪ್ರಾರ್ಥನೆಗೆ ಹೋಗುತ್ತಿದ್ದ, ಯಂಕಂಚಿಯ ತನಕ. ಸಾಲಿಯಿಂದ ಬಂದರೆ ಮನೆಯಲ್ಲಿ ನಾನೊಬ್ಬಳೇ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಹೊಸ್ತಿಲಲ್ಲಿ ಕೂತು ತಿನ್ನುತ್ತಿದ್ದೆ. ಗಜಗದ ಕಾಯಿಗಳನ್ನು ನೆಲಕ್ಕೆ ಚೆಲ್ಲಿ ಎಡಗೈಯದೊಂದು ಆಟ, ಬಲಗೈಯದೊಂದು ಆಟ ಆಡುತ್ತಿದ್ದೆ. ಎಡಗೈ ಸೋಲುತ್ತಿತ್ತು. ಅದಕ್ಕೆ ಸಮಾಧಾನ ಹೇಳುತ್ತಿದ್ದೆ.

ಒಂದು ಭಾನುವಾರ ದೇವಾಲಯದಲ್ಲಿ ಆ ಜೋಗುಳದ ಕೀರ್ತನೆ ಹಾಡಿದರು. ಹಾಡಿದರೆ ಅವ್ವನ ದನಿ ಕೇಳೀತು ಎಂದು ನಾನು ಕಣ್ಣು ಮುಚ್ಚಿ ಕೂತೆ. ಸತ್ಯವ್ವ ಆಯಿಯ ದನಿ ಕೇಳಿತು, ಅವಳ ಮಗನ ದನಿ ಕೇಳಿತು, ಪೇಟಿಯ ಗಾಳಿ ಕೇಳಿತು. ಅವ್ವ ಅದರಲ್ಲಿ ಇರಲಿಲ್ಲ. ಅಷ್ಟು ಬಾಯಿಗಳಲ್ಲಿ ಹೋಗಿ ಬಂದು ಆ ಹಾಡು ಅವಳನ್ನು ಕಳೆದುಕೊಂಡಿತ್ತು.

ಆದರೆ ನನ್ನ ಹತ್ತಿರ ಇನ್ನೊಂದಿತ್ತು.

ಅದು ಯಾವ ಹಾಡೂ ಅಲ್ಲ, ಬರೀ ಧಾಟಿ. ಸತ್ತುಹೋಗುವ ಮುಂಚಿನ ಎರಡು ಮೂರು ತಿಂಗಳು ಅವ್ವ ಸಂಜೆ ನನ್ನನ್ನು ಕಾಲ ನಡುವೆ ಕೂರಿಸಿಕೊಂಡು ತಲೆ ಬಾಚಿ ಹಿಕ್ಕುವಾಗ ಅದನ್ನು ಗುನುಗುತ್ತಿದ್ದಳು. ನಾಲ್ಕು ಸಾಲು. ಮೊದಲಿನದು ನೆತ್ತಿಯಿಂದ ಬಾಚುವ ಹಣಿಗೆ ಇಳಿದ ಹಾಗೆ ಇಳಿಯುತ್ತಿತ್ತು. ಎರಡನೆಯದು ಕೆಳಗೇ ಸುಳಿಯುತ್ತಿತ್ತು, ಸಿಕ್ಕು ಬಿಡಿಸುವ ಬೆರಳಿನಂತೆ. ಮೂರನೆಯದು ಒಮ್ಮೆಲೇ ಮೇಲೇರುತ್ತಿತ್ತು. ನಾಲ್ಕನೆಯದು ಸಣ್ಣದು, ಜಡೆಯ ತುದಿಗೆ ಹಾಕುವ ಗಂಟು. ಕುಸುಬಿ ಎಣ್ಣೆಯ ವಾಸನೆ, ಎದುರಿನ ಹೊಲದಿಂದ ಮರಳುವ ದನಗಳ ಧೂಳು, ಈ ಧಾಟಿ. ಇದು ಯಾವ ಪದ ಎಂದು ನಾನು ಕೇಳಿದ್ದೆ. “ಯಾವುದೂ ಅಲ್ಲ. ತಾನ ಬಂದೈತಿ. ನಿಮ್ಮಪ್ಪನ ಮುಂದ ಹೇಳಬ್ಯಾಡ, ಹಿಂಗ ಮಾತು ಹಾಕಿಬಿಡ್ತಾನ. ಇನ್ನೊಂದೀಟು ಇರ್ಲಿ,” ಎಂದಿದ್ದಳು.

ಹೇಳಬೇಡ ಎಂದಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮನೆಯಲ್ಲಿ ಒಬ್ಬಳೇ ಇದ್ದಾಗ ತುಟಿ ಬಿಚ್ಚದೆ ಅದನ್ನು ಗುನುಗುತ್ತಿದ್ದೆ. ಗುನುಗಿದರೆ ಬೆನ್ನ ಹಿಂದೆ ಯಾರೋ ಕೂತ ಹಾಗೆ ಆಗುತ್ತಿತ್ತು.

ಕ್ರಿಸ್ಮಸ್ ಹಬ್ಬಕ್ಕೆ ಪ್ರತಿವರ್ಷ ಅಪ್ಪ ಒಂದು ಹೊಸ ಹಾಡು ಕಟ್ಟುವುದು ವಾಡಿಕೆಯಾಗಿತ್ತು. ಹಬ್ಬದ ಬೆಳಿಗ್ಗೆಯ ತನಕ ಅದನ್ನು ಯಾರಿಗೂ ಕೇಳಿಸುತ್ತಿರಲಿಲ್ಲ. ಅಂದು ಸಭೆಯಲ್ಲಿ ನಿಂತು ಒಂದೊಂದೇ ಸಾಲು ಹೇಳುತ್ತಿದ್ದ, ಓದು ಬರದ ಜನ ತಿರುಗಿ ಹಾಡುತ್ತ ಅಲ್ಲೇ ಕಲಿಯುತ್ತಿದ್ದರು. ಆ ವರ್ಷ ಬಿಜಾಪುರದಿಂದ ಅಯ್ಯನವರು, ಅಂದರೆ ನಮ್ಮ ಕಡೆಯ ಸಭೆಗಳಿಗೆಲ್ಲ ಹಿರಿಯ ಪಾದ್ರಿ, ಹೇಳಿ ಕಳಿಸಿದ್ದರು. ನಮ್ಮ ಸೀಮೆಯ ಹಾಡುಗಳನ್ನು ಸೇರಿಸಿ ಪುಸ್ತಕ ಅಚ್ಚು ಹಾಕಿಸುತ್ತಾರಂತೆ. ಈ ಸಲ ಹಬ್ಬಕ್ಕೆ ನಮ್ಮೂರಿಗೇ ಬರುತ್ತಾರಂತೆ. ಹೊಸ ಹಾಡು ಚೆನ್ನಾಗಿದ್ದರೆ ಪುಸ್ತಕಕ್ಕೆ ತೆಗೆದುಕೊಳ್ಳುತ್ತಾರಂತೆ.

ಅಪ್ಪ ಮಾತು ಬರೆದ. ಬಸುರಿ ಮರಿಯಳು ದೂರದ ದಾರಿ ನಡೆದು ಬೇತ್ಲೆಹೇಮಿಗೆ ಬರುವುದು, ಒಂದು ಮನೆಯೂ ಬಾಗಿಲು ತೆರೆಯದಿರುವುದು. ನನ್ನನ್ನು ಕೂರಿಸಿಕೊಂಡು ಓದಿ ಹೇಳಿದ.

ದೂರ ಹಾದಿಯ ನಡೆದು ದಣಿದು ಬಂದಾಳ ತಾಯಿ
ಬಾಗಿಲ ತೆರೆವವರು ಯಾರಿಲ್ಲೊ

ಕರುಣಾಸಾಗರ ಎಂಬಂಥ ಒಂದು ಮಾತೂ ಅದರಲ್ಲಿ ಇರಲಿಲ್ಲ. ಓದುತ್ತ ಓದುತ್ತ ಅಪ್ಪ ಚಕ್ಕಡಿ ತಿರುಗಿ ಬಂದ ದಾರಿಯ ಕಡೆ ನೋಡಿದ. ನನಗೆ ಹತ್ತೇ ವರ್ಷವಾಗಿದ್ದರೂ ಅದು ಯಾರ ಹಾಡು ಎಂದು ತಿಳಿಯಿತು.

ಧಾಟಿ ಮಾತ್ರ ಸಿಗಲಿಲ್ಲ. ಕಾರ್ತಿಕ ಕಳೆಯಿತು, ಚಳಿ ಬಿತ್ತು, ಹೊಲದಲ್ಲಿ ಬಿಳಿಜೋಳ ಎದೆಮಟ್ಟ ಬಂತು. ಅಪ್ಪ ಪೇಟಿಯನ್ನು ಮನೆಗೆ ತಂದಿಟ್ಟುಕೊಂಡು ಸಂಜೆಯೆಲ್ಲ ಹುಡುಕುತ್ತಿದ್ದ. ಮಾತುಗಳು ಯಾವ ಸ್ವರಕ್ಕೂ ಒಗ್ಗುತ್ತಿರಲಿಲ್ಲ. ಒಂದು ದಿನ ಪೇಟಿ ನಿಲ್ಲಿಸಿ ಕೇಳಿದ:

“ಶಾಂತವ್ವ, ನಿನ್ನ ತಲಿ ಹಿಕ್ಕೂ ಮುಂದ ಅವ್ವ ಏನೋ ಗುನುಗುತಿದ್ಳಲ್ಲ. ನಾ ಹೊರಗಿಂದ ಬರೂದ್ರಾಗ ಬಿಟ್ಟಬಿಡತಿದ್ಳು. ನೆನಪೈತೇನು?”

“ಇಲ್ಲಪ್ಪ.”

“ಒಂದೀಟು ನೆನಸಿ ನೋಡ. ಒಂದ ಸಾಲು ಸಿಕ್ಕರೂ ಸಾಕು.”

“ನೆನಪಿಲ್ಲ ಅಂದೆಲಾ!”

ನಾನು ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ನಿಂತು ನಾಲ್ಕೂ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡೆ, ಇದೆಯೋ ಇಲ್ಲವೋ ಎಂದು ನೋಡುವವರ ಹಾಗೆ. ಇತ್ತು. ಕೊಟ್ಟರೆ ಸತ್ಯವ್ವ ಆಯಿ ಮೇವು ಹಾಕುತ್ತ ಹಾಡುತ್ತಾಳೆ. ಬಾಗೇವಾಡಿಯವರು ಬಂದು ಬರೆದುಕೊಳ್ಳುತ್ತಾರೆ. ಆಮೇಲೆ ನನ್ನ ಬೆನ್ನ ಹಿಂದೆ ಯಾರು ಕೂರುತ್ತಾರೆ?

ಹಬ್ಬಕ್ಕೆ ಎಂಟು ದಿನ ಇದ್ದಾಗ ಅಪ್ಪ ಪೇಟಿಯನ್ನು ಮುಚ್ಚಿ ದೇವಾಲಯಕ್ಕೆ ಹೊತ್ತುಕೊಂಡು ಹೊರಟ. ಈ ವರ್ಷ ಹಳೆಯ ಹಾಡನ್ನೇ ಹಾಡೋಣ ಎಂದ. ಅವನ ಮುಖ ನೋಡಲಾಗಲಿಲ್ಲ. ನನಗೆ ಪಾಪ ಅನಿಸಿತು. ಪಾಪ ಅನಿಸಿದ್ದರಿಂದಲೇ ಸುಳ್ಳು ಹೇಳಿದೆ.

ಎರಡು ವರ್ಷದ ಹಿಂದೆ ಚಿಕ್ಕಮ್ಮನ ಮದುವೆಗೆ ಅವ್ವನ ತವರಿಗೆ ಹೋಗಿದ್ದೆವು. ಮಕ್ಕಳನ್ನೆಲ್ಲ ಮಾಳಿಗೆಯ ಮೇಲೆ ಮಲಗಿಸಿ ಹೆಂಗಸರು ಕೆಳಗೆ ಅಂಗಳದಲ್ಲಿ ಹಾಡುತ್ತಿದ್ದರು. ಅವ್ವನ ದನಿ ಅದರಲ್ಲಿ ಮುಂದಿತ್ತು. ಮಾತು ನನಗೆ ತಿಳಿದಿರಲಿಲ್ಲ, ನಡುನಡುವೆ ನಗು ಕೇಳುತ್ತಿತ್ತು, ಧಾಟಿ ಮಾತ್ರ ಕಿವಿಯಲ್ಲಿ ಉಳಿದಿತ್ತು. ಅವ್ವ ಹಾಡಿದ್ದಂತೂ ನಿಜ ತಾನೇ ಎಂದುಕೊಂಡೆ.

“ಅಪ್ಪ, ನೆನಪಾತು,” ಎಂದೆ.

ಹಾಡಿ ತೋರಿಸಿದೆ. ಅಪ್ಪ ನಿಂತಲ್ಲೇ ಪೇಟಿ ಇಳಿಸಿ ಬೆರಳಿಟ್ಟ. ಅವನು ನಿಧಾನವಾಗಿ ಬಾರಿಸುವವನು. ನಿಧಾನ ಮಾಡಿದಾಗ ಆ ಧಾಟಿ ದುಃಖದ್ದೇ ಎನ್ನುವ ಹಾಗೆ ಕೇಳಿತು. ಮಾತುಗಳು ಅದರೊಳಗೆ ಸಲೀಸಾಗಿ ಕೂತವು.

“ಇದನ ಏನು? ತಲಿ ಹಿಕ್ಕೂ ಮುಂದಿಂದು?”

“ಹೂಂ. ಅದ.”

ಅಪ್ಪ ಮತ್ತೊಮ್ಮೆ ಬಾರಿಸಿದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು, “ಅಕಿ ಹೋಗೂ ಮುಂದನೂ ನನಗೊಂದು ಧಾಟಿ ಬಿಟ್ಟು ಹೋಗ್ಯಾಳ ನೋಡು,” ಎಂದ.

ಹಬ್ಬದ ಬೆಳಿಗ್ಗೆ ದೇವಾಲಯಕ್ಕೆ ಸಗಣಿ ಸಾರಿಸಿ, ಬಾಗಿಲಿಗೆ ಜೋಳದ ದಂಟು ಕಟ್ಟಿದ್ದರು. ಮನೆಮನೆಯಿಂದ ಮಾದಲಿಯ ವಾಸನೆ, ಗೋದಿ ಹಿಟ್ಟು ಹುರಿದು ಬೆಲ್ಲ ಏಲಕ್ಕಿ ಹಾಕಿದ ವಾಸನೆ ಬರುತ್ತಿತ್ತು. ಅಯ್ಯನವರು ಜೀಪಿನಲ್ಲಿ ಬಂದಿದ್ದರು. ಅವರು ಧಾರವಾಡದ ಕಡೆಯವರು, ಬಿಳಿ ಅಂಗಿ, ಕನ್ನಡಕ, ಮೆಲುಮಾತು. ಸುತ್ತಲಿನ ಊರವರೂ ಬಂದು ಕೋಣೆ ತುಂಬಿ ಬಾಗಿಲಾಚೆಗೂ ಜನ ನಿಂತಿದ್ದರು. ವಹಿ ಸೀಸಕಡ್ಡಿ ತಂದವರು ನಾಲ್ಕಾರು ಮಂದಿ ಇದ್ದರು.

ಅಪ್ಪ ಎದ್ದು ನಿಂತ. ಎಂದೂ ಹೇಳದ ಮಾತು ಹೇಳಿದ.

“ಈ ಹಾಡಿನ ಮಾತು ನಂದು. ಧಾಟಿ ನನ್ನ ಮನಿಯಾಕಿದು. ಕಡೀ ದಿನದಾಗ ಅಕಿ ಗುನುಗಿದ್ದು ಇದ. ಅಕಿ ಹೆಸರ್ಲೆ ಹಾಡೂಣು.”

ಹೆಂಗಸರ ಸಾಲಿನಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿತು. ಅಪ್ಪ ಮೊದಲ ಸಾಲು ಹಾಡಿದ. ಸಭೆ ತಿರುಗಿ ಹಾಡಿತು. ಎರಡನೆಯದು ಹಾಡಿದ. ಸಭೆ ತಿರುಗಿ ಹಾಡುವಾಗ ಹೆಂಗಸರ ನಾಲಗೆ ತಾನೇ ಓಡಿತು. ದಮ್ಮಡಿ ಬಾರಿಸುವವನು ಅದಕ್ಕೆ ಸರಿಯಾಗಿ ಕೈ ಚುರುಕು ಮಾಡಿದ. ಮೂರನೆಯ ಸಾಲಿಗೆ ಧಾಟಿ ತನ್ನ ಮನೆ ಸೇರಿತು. ಹಿಂದೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸತ್ಯವ್ವ ಆಯಿ ನಕ್ಕಳು. ಅವಳಿಗೆ ನಗು ತಡೆಯುವುದು ಗೊತ್ತಿರಲಿಲ್ಲ. ಅವಳು ನಕ್ಕಮೇಲೆ ಹೆಂಗಸರ ಸಾಲು ಪೂರ್ತಿ ನಕ್ಕಿತು.

ಅಯ್ಯನವರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಯಾಕ ತಾಯಿ, ಏನಾತು?”

“ತಪ್ಪು ತಿಳಕೋಬ್ಯಾಡ್ರಿ ಅಯ್ಯನವರ. ಇದು ಮದಿವ್ಯಾಗ ಬೀಗತಿಗೆ ಬಯ್ಯೂ ಹಾಡ್ರಿ. ಬೀಗತಿ ಹೊಟ್ಟಿ ಗುಡಾಣ, ಬೀಗತಿ ಮೂಗು ಸೋರೀಕಾಯಿ ಅಂತ…”

“ಏ ಯವ್ವ, ಸಾಕ ಮಾಡ!” ಎಂದು ಅವಳ ಮಗ ಗದರಿದ.

ನಗು ನಿಂತಿತು. ಅಪ್ಪ ಪೇಟಿಯ ಮೇಲೆ ಬೆರಳಿಟ್ಟುಕೊಂಡೇ ಇದ್ದ. ಅವನು ಸತ್ಯವ್ವ ಆಯಿಯನ್ನು ನೋಡಲಿಲ್ಲ, ಅಯ್ಯನವರನ್ನೂ ನೋಡಲಿಲ್ಲ. ಮುಂದಿನ ಚಾಪೆಯಲ್ಲಿ ಮಕ್ಕಳ ನಡುವೆ ಕೂತಿದ್ದ ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ಏನನ್ನೋ ಲೆಕ್ಕ ಹಾಕಿ ಮುಗಿಸಿದವನ ಮುಖ ಅದು. ನಾನು ತಲೆ ತಗ್ಗಿಸಿದೆ.

“ಅಕಿದು ತಪ್ಪಿಲ್ರಿ,” ಎಂದ ಅಪ್ಪ. “ಅಕಿ ಇಂಥಾ ತಪ್ಪು ಮಾಡಾಕಿ ಅಲ್ಲ. ಧಾಟಿ ನಾನ ತಪ್ಪ ಹಿಡದೇನಿ. ನನಗ ಕಿವಿ ಇಲ್ಲ. ಕಿವಿ ಅಕಿದಿತ್ತು.”

ಆಮೇಲೆ ಹಳೆಯ ಹಾಡು ಹಾಡಿದರು. ಜೋಗುಳದ ಹಾಡು.

ಊಟದ ಹೊತ್ತಿನಲ್ಲಿ ಸತ್ಯವ್ವ ಆಯಿ ಒಂದು ತಾಟಿನಲ್ಲಿ ಮಾದಲಿ ಹಾಕಿ ಹಾಲು ಸುರಿದು ನನ್ನ ಮುಂದೆ ಇಟ್ಟಳು. ಅವಳ ಕಣ್ಣು ಕೆಂಪಾಗಿದ್ದವು.

“ನಾ ನಗಬಾರದಿತ್ತವ್ವ. ಹಾಳ ಬಾಯಿ, ಸುಮ್ನಿರಲಿಲ್ಲ. ಆದರ ನಿಮ್ಮವ್ವ ನಿಮ್ಮಪ್ಪಗ ಅದನ್ನ ಕೊಟ್ಟಿರಾಕ ಆಗೂದ ಇಲ್ಲ. ಯಾರು ಕೊಟ್ರು ಅವಗ?”

ಬಾಯಿ ತುಂಬ ಮಾದಲಿ ಇತ್ತು. ಅದು ಮಣ್ಣಿನ ಹಾಗೆ ಅಂಟಿಕೊಂಡಿತು. ನಾನು ಗೊತ್ತಿಲ್ಲ ಎಂದು ತಲೆಯಾಡಿಸಿದೆ.

ಜೀಪು ಹೋದ ಮೇಲೆ, ಸಂಜೆ, ಅಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ಅಯ್ಯನವರು ಮಾತುಗಳನ್ನು ಬರೆದುಕೊಂಡು ಹೋಗಿದ್ದರು. ಮಾತು ಬಹಳ ಚಲೋ ಅದಾವ, ಧಾಟಿ ಆಮೇಲೆ ಕಳಿಸು ಎಂದಿದ್ದರಂತೆ. ನಾನು ಬಾಗಿಲಲ್ಲಿ ನಿಂತಿದ್ದೆ. ಹೊಡೆಯಲಿ ಎಂದು ಕಾದಿದ್ದೆ. ಹೊಡೆದಿದ್ದರೆ ಅಳುತ್ತ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೇನೋ.

“ಖರೇ ಧಾಟಿ ನಿನ್ನ ಹಂತೇಕ ಐತಿ. ಹೌದಲ್ಲ?”

ನಾನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತೆ.

“ಇರ್ಲಿ ಬಿಡು. ನಿನ್ನ ಹಂತೇಕನ ಇರ್ಲಿ,” ಎಂದ. ಕಟ್ಟೆಯಿಂದ ಏಳುತ್ತ, “ಎಂದಾದ್ರೂ ಕೊಡಬೇಕು ಅನಸಿದ್ರ ಕೊಡು,” ಎಂದ. ಮತ್ತೆ ಅದರ ಬಗ್ಗೆ ಕೇಳಲಿಲ್ಲ. ಅಂದಿನಿಂದ ಅಪ್ಪ ಹೊಸ ಹಾಡನ್ನೂ ಕಟ್ಟಲಿಲ್ಲ. ಹಬ್ಬ ಬಂದಾಗ ಜನ ಕೇಳಿದರೆ, ಇಂಡಿಯ ದರ್ಜಿಯವರು ಕಟ್ಟಿದ್ದು ತರಿಸೋಣ ಎನ್ನುತ್ತಿದ್ದ.

ಒಂದು ವರ್ಷದ ಮೇಲೆ ಪುಸ್ತಕ ಬಂತು. ನೀಲಿ ರಟ್ಟಿನ ಸಣ್ಣ ಪುಸ್ತಕ. ಅಪ್ಪನ ಆ ಹಾಡೂ ಇತ್ತು. ಉಳಿದೆಲ್ಲ ಹಾಡುಗಳ ನೆತ್ತಿಯ ಮೇಲೆ ಧಾಟಿಯ ಹೆಸರು ಅಚ್ಚಾಗಿತ್ತು. ಇದರ ಮೇಲೆ ‘ಧಾಟಿ’ ಎಂದು ಬರೆದು ಮುಂದೆ ಚುಕ್ಕಿಗಳನ್ನು ಇಟ್ಟಿದ್ದರು. ಧಾಟಿ ಇಲ್ಲದ ಹಾಡನ್ನು ಹಾಡುವವರು ಯಾರು? ನನಗೆ ಗೊತ್ತಿರುವ ಹಾಗೆ ಯಾವ ಊರಲ್ಲೂ ಅದನ್ನು ಯಾರೂ ಹಾಡಲಿಲ್ಲ.

ಏಳನೆಯ ತರಗತಿ ಮುಗಿಸಿ ನಾನು ಬಿಜಾಪುರದ ಹಾಸ್ಟೆಲಿಗೆ ಹೋದೆ. ಅಲ್ಲಿ ನನ್ನ ತಲೆಯನ್ನು ನಾನೇ ಹಿಕ್ಕಿಕೊಳ್ಳುತ್ತ ಧಾಟಿಯನ್ನು ಗುನುಗುತ್ತಿದ್ದೆ. ರಜೆಗೆ ಊರಿಗೆ ಹೋಗುವಾಗಲೆಲ್ಲ ಈ ಸಲ ಅಪ್ಪನಿಗೆ ಹಾಡಿ ತೋರಿಸಬೇಕು ಎಂದುಕೊಳ್ಳುತ್ತಿದ್ದೆ. ಮನೆ ಮುಟ್ಟಿದಾಗ ನಾಚಿಕೆಯಾಗುತ್ತಿತ್ತು. ಇಷ್ಟು ವರ್ಷ ಯಾಕೆ ಕೊಡಲಿಲ್ಲ ಎಂದು ಕೇಳಿಯಾನು ಎಂದು ಅಂಜುತ್ತಿದ್ದೆ. ಮುಂದಿನ ಸಲ, ಮುಂದಿನ ಸಲ ಎನ್ನುತ್ತ ಮದುವೆಯಾಯಿತು, ಇಂಡಿಯಲ್ಲಿ ಅಂಗನವಾಡಿಯ ಕೆಲಸ ಸಿಕ್ಕಿತು. ರೇಡಿಯೋ ಹಾಡು, ಮಕ್ಕಳಿಗೆ ಹೇಳಿಕೊಡುವ ಹಾಡು, ಮನೆ ತುಂಬ ಬೇರೆ ಹಾಡು. ನನ್ನ ಮಗಳಿಗೆ ನಾಲ್ಕು ವರ್ಷವಾದಾಗ ಒಂದು ಸಂಜೆ ಅವಳನ್ನು ಕಾಲ ನಡುವೆ ಕೂರಿಸಿಕೊಂಡು ತಲೆ ಹಿಕ್ಕತೊಡಗಿದೆ. ಬಹಳ ದಿನದ ಮೇಲೆ ಆ ಧಾಟಿ ತಾನೇ ಬಾಯಿಗೆ ಬಂತು. ಮೊದಲ ಸಾಲು ಬಂತು. ಎರಡನೆಯದು ಬಂತು. ಮೂರನೆಯದಕ್ಕೆ ಬಾಯಿ ತೆರೆದೆ, ಅಲ್ಲಿ ಏನೂ ಇರಲಿಲ್ಲ.

ಹಣಿಗೆ ಕೈಯಲ್ಲೇ ನಿಂತಿತು. ಮೊದಲಿನಿಂದ ಹೇಳಿದೆ. ಮತ್ತೆ ಅಲ್ಲಿಗೇ ಬಂದು ನಿಂತಿತು. ಮೇಲೇರುತ್ತಿತ್ತು ಎಂಬುದು ಗೊತ್ತು, ಹೇಗೆ ಏರುತ್ತಿತ್ತು ಎಂಬುದು ಹೋಗಿತ್ತು. ಆ ರಾತ್ರಿ, ಮರುದಿನ, ವಾರ, ತಿಂಗಳು ಹುಡುಕಿದೆ. ಸುತ್ತ ಯಾರನ್ನಾದರೂ ಕೇಳೋಣವೆಂದರೆ ಯಾರಿಗೂ ಗೊತ್ತಿರದ ಹಾಗೆ ಕಾಪಾಡಿದವಳು ನಾನೇ. ಸತ್ಯವ್ವ ಆಯಿಯ ಬಾಯಿಗೆ ಬಿದ್ದಿದ್ದರೆ ಅದು ದನದ ಕೊಟ್ಟಿಗೆಯಲ್ಲಾದರೂ ಉಳಿದಿರುತ್ತಿತ್ತು. ಬಾಗೇವಾಡಿಯಲ್ಲೋ ಮುದ್ದೇಬಿಹಾಳದಲ್ಲೋ ಮಾತು ತಪ್ಪಾಗಿ, ಸ್ವರ ಓರೆಯಾಗಿ, ಹೇಗಾದರೂ ಇರುತ್ತಿತ್ತು. ಜೋಗುಳ ಇಂದಿಗೂ ಇದೆ. ಅದರಲ್ಲಿ ಅವ್ವನ ದನಿ ಇಲ್ಲದಿದ್ದರೂ ಅವ್ವನ ಜೋಗುಳ ಇದೆ.

ಅಪ್ಪನ ಕಡೆಯ ವರ್ಷಗಳು ಇಂಡಿಯಲ್ಲಿ ನನ್ನ ಮನೆಯಲ್ಲೇ ಕಳೆದವು. ಕಿವಿ ಚೆನ್ನಾಗಿತ್ತು, ಕಣ್ಣು ಮಂದವಾಗಿತ್ತು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಅವನ ಮಂಚದ ಪಕ್ಕ ಕೂತು ಆ ಎರಡು ಸಾಲನ್ನು ಹಾಡಿದೆ. ಪೀಠಿಕೆ ಏನೂ ಹೇಳಲಿಲ್ಲ. ಅಪ್ಪನ ಬೆರಳುಗಳು ಹೊದಿಕೆಯ ಮೇಲೆ ಸರಿದಾಡಿದವು. ಪೇಟಿಯ ಕೆಟ್ಟ ಮನೆಯನ್ನು ದಾಟುವ ಹಾಗೆ ನಡುವಿನ ಬೆರಳು ಒಮ್ಮೆ ಜಿಗಿಯಿತು. ನಾನು ನಿಲ್ಲಿಸಿದೆ. ಅವನು ಕಾದ.

“ಇನ್ನ ಎರಡು ಸಾಲಿದ್ದುವಪ್ಪ,” ಎಂದೆ. “ನಾ ಕಳಕೊಂಡೆ.”

 ಅಪ್ಪ ನನ್ನ ಕೈಯನ್ನು ತಡವಿ ಹಿಡಿದುಕೊಂಡ.

“ಅಳಬ್ಯಾಡ. ನನಗೂ ಅಕಿ ಮಾರಿ ಹೋಗೇತಿ. ಹತ್ತು ವರ್ಷಾತು. ಒಂದು ಫೋಟೋನೂ ತೆಗಿಸಿರಲಿಲ್ಲ ನೋಡು. ನೀ ಏನ ತಿಳಕೋತಿ ಅಂತ ಅಂಜಿ ನಿನಗ ಹೇಳಿರಲಿಲ್ಲ.”

ಮಳೆಗಾಲ ಶುರುವಾಗುವ ಮುಂಚೆ ಅಪ್ಪ ಹೋದ. ಮಣ್ಣು ಕೊಡುವಾಗ ಹುಡುಗರು ಮೊಬೈಲಿನಿಂದ ಹಾಡು ಹಚ್ಚಿದರು, ಎಲ್ಲೋ ದೊಡ್ಡ ಊರಿನಲ್ಲಿ ಕೀಬೋರ್ಡು ಬಾರಿಸಿ ಧ್ವನಿಮುದ್ರಿಸಿದ ಚಂದದ ಹಾಡು. ಧಾಟಿ ಯಾವುದು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ, ಹಾಡು ಪೂರ್ತಿಯಾಗಿಯೇ ಬಂದಿತ್ತು.

ಹೋದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಾಲ್ಕೈದು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಅಪ್ಪನ ಆ ಹಾಡಿನ ಮೊದಲ ಎರಡು ಸಾಲನ್ನು ಆ ಧಾಟಿಯಲ್ಲಿ ಹೇಳಿಕೊಟ್ಟೆ. ಅವರು ಬೇಗ ಕಲಿತರು. ಮಾತೂ ಧಾಟಿಯೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂತವೆಂದರೆ, ಅಪ್ಪ ಆ ಮಾತುಗಳನ್ನು ಇದಕ್ಕೆಂದೇ ಬರೆದ ಹಾಗಿತ್ತು. ಅವರಲ್ಲಿ ಒಬ್ಬಳು, “ಮುಂದಿಂದು ಹೇಳ್ರಿ ಅಕ್ಕಾರ,” ಎಂದು ಪೆನ್ನು ಹಿಡಿದು ನನ್ನ ಮುಖ ನೋಡಿದಳು.

ಇಷ್ಟೇ ಉಳಿದಿದೆ, ಬರೆದುಕೋ ಎಂದೆ.